ವಾರಿಜಕ್ಕನ ಬಲಗಾಲಿನ ಕಡಲನೊರೆ

ನಾನು ಎಲುಬಿನ ಒಂದು ತುಂಡು. ಎಲುಬು ಎಂದ ಕೂಡಲೇ ಯಾರದೋ ಏನೋ ಎಂದು ಮೂಗು ಮುರಿಯಬೇಡಿ. ನಾನು ಹುಟ್ಟಿದ್ದು ಅರಬ್ಬೀ ಕಡಲಿನಲ್ಲಿ, ಒಂದು ಬೊಂಡಾಸಿನ ಬೆನ್ನಿನೊಳಗೆ. ಬೊಂಡಾಸ್ ಎಂದರೆ ಹೆದರಿದಾಗ ಕಪ್ಪು ಶಾಯಿ ಕಾರಿ ಓಡುವ, ಹಿಡಿದರೆ ಜಾರುವ ಮೆತ್ತನೆಯ ಜೀವಿ. ಅದರ ಇಡೀ ಮೈಯಲ್ಲಿ ಗಟ್ಟಿ ಎನ್ನುವಂಥದ್ದು ನಾನೊಂದೇ. ನೋಡಲು ಅಂಗೈಯಷ್ಟು ಉದ್ದದ ಬಿಳೀ ದೋಣಿ. ಜನ ನನ್ನಂಥವರನ್ನು ಕಡಲನೊರೆ ಎನ್ನುತ್ತಾರೆ. ತೆರೆ ದಡದಲ್ಲಿ ಬಿಟ್ಟುಹೋದ ನೊರೆಯೇ ಒಣಗಿ ಹೀಗಾಗಿದೆ ಎಂದು ಹಿಂದಿನವರು ಯಾರೋ ತಿಳಿದಿರಬೇಕು. ಅವರನ್ನು ತಿದ್ದುವ ಉಸಾಬರಿ ನನಗೆ ಬೇಡ.

ಹುಟ್ಟಿದಾರಭ್ಯ ನನಗೆ ಒಂದೇ ಕೆಲಸ, ಹೊರುವುದು. ನನ್ನ ಒಳಗೆಲ್ಲ ಸಣ್ಣ ಸಣ್ಣ ಕೋಣೆಗಳು, ಮಹಡಿಯ ಮೇಲೆ ಮಹಡಿ, ನಡುವೆ ಕೂದಲಿಗಿಂತ ಸಪೂರವಾದ ಕಂಬಗಳು. ಬೊಂಡಾಸು ಮೇಲೇಳಬೇಕೆಂದರೆ ಆ ಕೋಣೆಗಳ ನೀರನ್ನು ಹೊರಹಾಕುತ್ತಿತ್ತು, ತಳಕ್ಕಿಳಿಯಬೇಕೆಂದರೆ ತುಂಬಿಸಿಕೊಳ್ಳುತ್ತಿತ್ತು. ಅದು ಹಾಯಾಗಿ ತೇಲುತ್ತಿದ್ದರೆ ಅದರ ಹಿಂದೆ ನನ್ನ ದುಡಿಮೆ ಇತ್ತು. ಆದರೂ ನಿಜ ಹೇಳಬೇಕಲ್ಲ, ಆ ಹೊರೆ ಹೊರೆಯಂತೆ ಇರಲಿಲ್ಲ. ನೀರೂ ಹೆಗಲು ಕೊಡುತ್ತಿತ್ತು. ಆ ಸುಖ ಏನು ಎಂಬುದು ಅಲ್ಲಿದ್ದಾಗ ನನಗೆ ಗೊತ್ತಾಗಲಿಲ್ಲ.

ಒಂದು ದಿನ ಬಲೆ ಬಂತು. ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಮೀನಿನ ಬಂದರಿನಲ್ಲಿ, ಬೋಟು ನಿಂತಿತು. ಐಸಿನ ರಾಶಿಯಿಂದ ನನ್ನ ಬೊಂಡಾಸನ್ನು ಯಾರೋ ಹೆಂಗಸು ಎತ್ತಿದಳು, ಬೆನ್ನು ಸೀಳಿದಳು, ನನ್ನನ್ನು ಎಳೆದು ಹಿಂದಕ್ಕೆ ಎಸೆದಳು. ಮುಖ ಕೂಡ ನೋಡಲಿಲ್ಲ. ತಿನ್ನಲಿಕ್ಕೆ ಆಗದ್ದನ್ನು ಯಾರು ನೋಡುತ್ತಾರೆ? ನಾನು ಮೀನಿನ ಹುರುಪೆಗಳ ನಡುವೆ ಬಿದ್ದುಕೊಂಡು ಬಿಸಿಲಿಗೆ ಒಣಗಿದೆ. ಕಾಗೆಯೊಂದು ಕುಕ್ಕಿ ನೋಡಿ, ರುಚಿ ಸಾಲದೆ ಹೋಯಿತು.

ನನ್ನನ್ನು ಹೆಕ್ಕಿದವಳು ವಿಲ್ಮಾ ಡಿಮೆಲ್ಲೊ. ಊರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ಹುಡುಗಿ ಅನ್ನುವ ಪ್ರಾಯ ಕಳೆದಿತ್ತು, ಕಣ್ಣಿನ ಕೆಳಗೆ ಕಪ್ಪು ಬಂದಿತ್ತು. ಒದ್ದೆ ನೆಲದಲ್ಲಿ ಚಪ್ಪಲಿ ಜಾರದಂತೆ ಹೆಜ್ಜೆ ಇಡುತ್ತಾ ಅವಳು ಬಂದರೆ ಮೀನಿನ ಹೆಂಗಸರಿಗೆ ತಮಾಷೆ.

"ಬಂದ್ರು ನೋಡಿ. ಊರವರೆಲ್ಲ ಮೀನು ತಗೊಂಡು ಹೋದ್ರೆ ಇವರು ಎಲುಬು ತಗೊಂಡು ಹೋಗುದು."

"ಮನೆಯಲ್ಲಿ ಗಿಳಿ ಉಂಟಾ ಮೇಡಂ? ಗಿಳಿಗೆ ಕೊಕ್ಕು ತಿಕ್ಲಿಕ್ಕೆ ಒಂದು ಸಾಕಲ್ಲ, ಚೀಲ ಇಡೀ ಯಾಕೆ?"

ವಿಲ್ಮಾ ನಗುತ್ತಿದ್ದಳು. ಚೀಲ ತುಂಬಿಸಿಕೊಂಡು ಬಸ್ಸಿನಲ್ಲಿ ನಿಂತು ಹೋಗುತ್ತಿದ್ದಳು. ಪಕ್ಕದ ಸೀಟಿನವರು ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು.

ಲ್ಯಾಬಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಸುಸ್ತಾಗುತ್ತದೆ. ಮೊದಲು ಗರಗಸದಿಂದ ಕೊಯ್ದು ಎರಡು ಬೆರಳು ದಪ್ಪದ ತುಂಡು ಮಾಡಿದರು. ಆಮೇಲೆ ಉಪ್ಪಿನಂಥ ಏನನ್ನೋ ಕರಗಿಸಿದ ನೀರಿನಲ್ಲಿ ಮುಳುಗಿಸಿ, ಕುಕ್ಕರಿನ ಅಜ್ಜನಂಥ ಒಂದು ಉಕ್ಕಿನ ಪಾತ್ರೆಯಲ್ಲಿ ಹಾಕಿ ಮುಚ್ಚಿದರು. ಆ ಸೆಖೆ, ಆ ಒತ್ತಡ. ಅದರೊಳಗೆ ನನ್ನ ಸುಣ್ಣ ಹೋಗಿ ಅದರ ಜಾಗದಲ್ಲಿ ಮನುಷ್ಯರ ಎಲುಬಿನಲ್ಲಿರುವಂಥ ಖನಿಜ ಬಂದು ಕೂತಿತು. ಮನೆ ಅದೇ, ಕೋಣೆ ಅದೇ, ಗೋಡೆ ಮಾತ್ರ ಬೇರೆ. ನನ್ನ ಜೊತೆ ಒಳಹೋದ ಅಣ್ಣತಮ್ಮಂದಿರಲ್ಲಿ ಹೆಚ್ಚಿನವರು ಬಿರುಕು ಬಿಟ್ಟರು. ವಿಲ್ಮಾ ಅವರನ್ನೆಲ್ಲ ಕಸದ ಡಬ್ಬಿಗೆ ಸುರಿದು, ಸ್ಟೂಲಿನ ಮೇಲೆ ಕೂತಳು. ಆಮೇಲೆ ಎದ್ದು ಪಾತ್ರೆ ತೊಳೆದಳು. ಅವಳ ಬದುಕೂ ನನ್ನದರಂತೆಯೇ ಎಂದು ನನಗೆ ಆಗ ಅನಿಸಿತು. ಮಾಡು, ಒಡೆ, ಮತ್ತೆ ಮಾಡು.

ಉಳಿದ ನನ್ನನ್ನು ಡಬ್ಬಿಯಲ್ಲಿ ಹಾಕಿಟ್ಟಳು. ಯಾರದೋ ಮೈಯೊಳಗೆ ಹೋಗಿ, ಜೀವಕೋಶಗಳನ್ನು ಹೊತ್ತು ನಿಂತು, ಎಲುಬಿಲ್ಲದ ಕಡೆ ಎಲುಬು ಬೆಳೆಸಲಿಕ್ಕೆ ನಾನು ತಯಾರಾದವ. ಅದುವರೆಗೆ ಸುಮ್ಮನೆ ಕಾಯುವುದು.

ಆ ಯಾರೋ ಒಬ್ಬರು ವಾರಿಜಕ್ಕ. ಬೆಂಗ್ರೆಯವಳು. ದಕ್ಕೆಯಿಂದ ಫೆರಿ ದೋಣಿಯಲ್ಲಿ ಹೊಳೆ ದಾಟಿದರೆ ಸಿಗುವ ಮರಳ ಪಟ್ಟಿಯೇ ಬೆಂಗ್ರೆ. ಗಂಡ ತೀರಿಕೊಂಡ ಮೇಲೆ ಮೀನು ಮಾರಿ ಮಗನನ್ನು ಸಾಕಿದವಳು. ಮಗ ಈಗ ಆಳಸಮುದ್ರದ ಬೋಟಿನಲ್ಲಿ ತಾಂಡೇಲ, ಬೋಟು ನಡೆಸುವವ, ಹೋದರೆ ವಾರಗಟ್ಟಲೆ ಇಲ್ಲ. ದಕ್ಕೆಯ ಮೀನು ಮಾರ್ಕೆಟಿನ ಬಾಗಿಲಿನ ಬಲಕ್ಕೆ, ಹೊಳೆಯ ಬದಿಗೆ ವಾರಿಜಕ್ಕನ ಜಾಗ. ಅಲ್ಲಿ ಅವಳು ಕೂತರೆ ಅವಳ ಮಾತಿಗೆ ಎದುರು ಮಾತು ಇಲ್ಲ. ಐಸು ಹೇರಿದ ಟೆಂಪೋವೊಂದು ಹಿಂದಕ್ಕೆ ಬರುವಾಗ ಅವಳ ಬಲಗಾಲಿಗೆ ಬಡಿಯಿತು. ಮೊಣಕಾಲಿನ ಕೆಳಗೆ ಎಲುಬು ಹೊರಬಂತು. ಗಾಯಕ್ಕೆ ಮೀನಿನ ನೀರು ಸೇರಿ ಕೀವಾಯಿತು. ಕೆಟ್ಟ ಎಲುಬನ್ನು ಡಾಕ್ಟರು ತೆಗೆದರು. ಕೀವು ನಿಂತಿತು, ಆದರೆ ಮೊಣಕಾಲಿಗೂ ಪಾದಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗದಲ್ಲಿ ಎಲುಬೇ ಇರಲಿಲ್ಲ.

ಎಲುಬಿನ ಡಾಕ್ಟರು ಬಲ್ಲಾಳರು. ಹೆಚ್ಚು ಮಾತಿನವರಲ್ಲ, ಆದರೆ ಸುಳ್ಳು ಸಮಾಧಾನ ಹೇಳುವವರೂ ಅಲ್ಲ. ಅವಳ ಮಂಚದ ಬಳಿ ನಿಂತು ಕಡ್ಡಿ ಮುರಿದ ಹಾಗೆ ಹೇಳಿದರು.

"ನೋಡಿ ವಾರಿಜಕ್ಕ, ಎರಡು ದಾರಿ ಉಂಟು. ಮೊಣಕಾಲಿನ ಕೆಳಗೆ ಕಾಲು ತೆಗೆದು ಕೃತಕ ಕಾಲು ಹಾಕುದು. ಇಲ್ಲದಿದ್ರೆ ಈ ಮೇಡಂ ಮಾಡಿದ ತುಂಡು ಇಟ್ಟು ನೋಡುದು. ಹೊಸ ಪ್ರಯತ್ನ, ಗ್ಯಾರಂಟಿ ಇಲ್ಲ. ಅದು ಕೂಡದಿದ್ರೆ ಕಾಲು ತೆಗೀಲೇಬೇಕಾಗ್ತದೆ."

"ಕಾಲು ತೆಗೆದ್ರೆ ನಾನು ಹಲಗೆ ಯಾವುದರಲ್ಲಿ ಮೆಟ್ಟುದು ಡಾಕ್ಟ್ರೆ?" ಎಂದಳು ವಾರಿಜಕ್ಕ.

ಬಲ್ಲಾಳರು ತಲೆ ತಗ್ಗಿಸಿದರು. ವಿಲ್ಮಾ ಅವಳ ಭುಜ ಮುಟ್ಟಿದಳು. ಅದು ದುಃಖದ ಮಾತು ಎಂದು ಇಬ್ಬರೂ ತಿಳಿದರು. ಅವಳು ಕೇಳಿದ್ದು ಪ್ರಶ್ನೆ, ಅದು ಯಾರಿಗೂ ಹೊಳೆಯಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

"ಎಂತದ್ದರ ತುಂಡು ಅದು?" ವಾರಿಜಕ್ಕ ವಿಲ್ಮಾಳನ್ನು ಕೇಳಿದಳು.

"ಬೊಂಡಾಸಿನ ಎಲುಬು. ಶುದ್ಧ ಮಾಡಿದ್ದು."

"ನಾವು ಬಿಸಾಡುದಾ?"

"ಅದೇ ವಾರಿಜಕ್ಕ."

ಅವಳಿಗೆ ಗೊತ್ತಾಗಬೇಕಾದ್ದು ಇನ್ನೊಂದೇ. "ತಾಜಾ ಇತ್ತಾ?"

ವಿಲ್ಮಾ ಬಹಳ ದಿನಗಳ ನಂತರ ಬಾಯಿ ತುಂಬ ನಕ್ಕಳು. ತಾಜಾ ಎಂದು ಆಣೆ ಹಾಕಿದಳು. ವಾರಿಜಕ್ಕ ಒಪ್ಪಿದಳು. ಕಥೆಗಾರರ ಕೈಗೆ ಸಿಕ್ಕಿದ್ದರೆ ದಕ್ಕೆಯಲ್ಲಿ ನನ್ನನ್ನು ಎಸೆದ ಕೈ ಇವಳದೇ ಎಂದು ಬರೆಯುತ್ತಿದ್ದರೇನೋ. ನನಗೆ ಗೊತ್ತಿಲ್ಲ. ಎಸೆಯುವ ಕೈಗಳೆಲ್ಲ ಹಿಂದಿನಿಂದ ಒಂದೇ ಥರ ಕಾಣುತ್ತವೆ.

ವಾರಿಜಕ್ಕನ ಸೊಂಟದ ಎಲುಬಿನಿಂದ ಸೂಜಿ ಹಾಕಿ ಮಜ್ಜೆ ತೆಗೆದರು. ಅದರಲ್ಲಿದ್ದ ಜೀವಕೋಶಗಳನ್ನು ಬೆಳೆಸಿ ನನ್ನ ಮೇಲೆ ಬಿಟ್ಟರು. ಗುಲಾಬಿ ಬಣ್ಣದ ನೀರಿನಲ್ಲಿ ಮುಳುಗಿ, ಮೈಬಿಸಿಯಷ್ಟೇ ಬಿಸಿಯಿದ್ದ ಪೆಟ್ಟಿಗೆಯೊಳಗೆ ನಾನು ಕೂತೆ. ಬಂದ ಜೀವಕೋಶಗಳ ಉಪದ್ರ ಹೇಳತೀರದು. ಮೊದಲ ದಿನ ಹೊಸ್ತಿಲಲ್ಲಿ ನಾಚಿ ನಿಂತವು, ಮರುದಿನ ಕೋಣೆಗೆ ನುಗ್ಗಿದವು, ಆಮೇಲೆ ಕೇಳಬೇಡಿ, ಕಂಬ ಕಂಬಕ್ಕೂ ಅಂಟಿಕೊಂಡು ಸಂಸಾರ ಹೂಡಿದವು. ಬಾಡಿಗೆಯೂ ಇಲ್ಲ, ಬಂದೆವು ಎಂಬ ಮಾತೂ ಇಲ್ಲ. ಮೂಲ ಮಾತ್ರ ವಾರಿಜಕ್ಕನದು. ಅವಳ ಹಠ ಅವುಗಳಿಗೂ ಬಂದಿತ್ತು.

ಅವುಗಳ ನೀರನ್ನು ದಿನ ಬಿಟ್ಟು ದಿನ ಬದಲಾಯಿಸಬೇಕು, ಹಬ್ಬವಿರಲಿ ಹರಿದಿನವಿರಲಿ. ತೆನೆಹಬ್ಬದ ದಿನವೂ ವಿಲ್ಮಾ ಬಂದಳು. ಅವಳ ಜನಕ್ಕೆ ಅದು ಇಗರ್ಜಿಯಿಂದ ಹೊಸ ಭತ್ತದ ತೆನೆ ತಂದು, ಮನೆಯವರೆಲ್ಲ ಒಟ್ಟಿಗೆ ಕೂತು ಹೊಸ ಅಕ್ಕಿ ಉಣ್ಣುವ ದಿನ. ಅಮ್ಮನ ಫೋನು ಬಂತು. ವಿಲ್ಮಾ ಕೈಗವಸು ಹಾಕಿದ್ದರಿಂದ ಫೋನನ್ನು ಮೇಜಿನ ಮೇಲಿಟ್ಟೇ ಮಾತಾಡಿದಳು.

"ಎಲ್ಲರೂ ಎಲೆ ಹಾಕಿ ಕೂತಿದ್ದಾರೆ. ನೀನೆಲ್ಲಿ?"

"ಇವಕ್ಕೆ ಊಟ ಕೊಟ್ಟು ಬರ್ತೇನೆ ಮಮ್ಮಿ."

"ಕಣ್ಣಿಗೆ ಕಾಣದವಕ್ಕೆ ಊಟ ಕೊಡ್ತಿ. ನಿನಗೆ ಊಟ ಯಾರು ಕೊಡುದು?"

ವಿಲ್ಮಾ ಮುಚ್ಚಳ ತೆರೆದಳು. ಹಳೆಯ ನೀರು ಹೀರಿ ಹೊಸ ನೀರು ಬಿಟ್ಟಳು. ಅವಳು ಮಾಡಿದ ಇಂಥ ತುಂಡು ಮನುಷ್ಯರ ಕಾಲಿಗೆ ಹೋಗುವುದು ಅದೇ ಮೊದಲು. ನನಗೆ ಅವಳನ್ನು ಕಂಡು ಪಾಪ ಅನಿಸಿತು. ನಾನು ಹೊತ್ತದ್ದು ಜೀವಕೋಶಗಳನ್ನು ಮಾತ್ರ, ಅವಳು ನನ್ನನ್ನೂ ಹೊತ್ತಿದ್ದಳು.

ಆಪರೇಶನ್ ಆಯಿತು. ನನ್ನನ್ನು ಆ ಎರಡು ಬೆರಳಿನ ಜಾಗದಲ್ಲಿ ಕೂರಿಸಿ, ಪಕ್ಕಕ್ಕೆ ಸ್ಟೀಲಿನ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ಪಟ್ಟಿಗೆ ಏನು ಜಂಭ! ಕಾಲು ನಿಂತಿರುವುದೇ ತನ್ನಿಂದ ಎನ್ನುವ ಥರ ಮಿರಮಿರ ಮಿಂಚುತ್ತಿತ್ತು. ಇರಲಿ ಬಿಡಿ, ಅದಕ್ಕೂ ಮುಂದೆ ಬುದ್ಧಿ ಬಂತು. ಸುತ್ತಲಿನ ರಕ್ತನಾಳಗಳು ಮೆಲ್ಲಮೆಲ್ಲನೆ ನನ್ನ ಕೋಣೆಗಳೊಳಗೆ ಬೇರು ಬಿಟ್ಟವು. ನನ್ನ ಒಕ್ಕಲುಗಳು ಎಲುಬು ಕಟ್ಟಲು ಶುರುಮಾಡಿದವು. ಅವು ಕಟ್ಟಿದಷ್ಟೂ ನಾನು ಕರಗಬೇಕು. ಅದು ನನ್ನ ಹಣೆಬರಹ, ವಿಲ್ಮಾ ಮೊದಲೇ ಬರೆದಿಟ್ಟದ್ದು.

"ಕಾಲಿಗೆ ಭಾರ ಹಾಕ್ಬಾರ್ದು, ನಡೀಬಾರ್ದು," ಎಂದು ಬಲ್ಲಾಳರು ಮನೆಗೆ ಕಳುಹಿಸುವಾಗ ಹೇಳಿದರು. "ಪಾಯಿಖಾನೆಗೆ ಹೋಗ್ಲಿಕ್ಕೂ ಕೋಲು ಬೇಕು. ಕೂತಲ್ಲೇ ಇರಿ."

"ಕೂತಲ್ಲೇ ಇರ್ತೇನೆ," ಎಂದಳು ವಾರಿಜಕ್ಕ. ಕೊಟ್ಟ ಮಾತಿಗೆ ತಪ್ಪುವವಳಲ್ಲ. ತಪ್ಪಲೂ ಇಲ್ಲ.

ಈಗ ಮಾರ್ಕೆಟಿನ ಒಂದು ಕಟ್ಟಳೆ ಹೇಳಬೇಕು. ಮಳೆಗಾಲದಲ್ಲಿ ಬೋಟುಗಳು ದಡ ಸೇರಿ ಮೀನುಗಾರಿಕೆ ನಿಲ್ಲುತ್ತದೆ. ಮತ್ತೆ ಬೋಟು ಕಡಲಿಗೆ ಇಳಿದು ಮೊದಲ ಮೀನು ಬಂದ ದಿನ, ಯಾವ ಹೆಂಗಸು ಯಾವ ಜಾಗದಲ್ಲಿ ತಾನೇ ಕೂತು, ತನ್ನ ಮೆಟ್ಟುಕತ್ತಿಯಲ್ಲಿ ಮೀನು ಕೊಯ್ಯುತ್ತಾಳೋ ಆ ವರ್ಷಕ್ಕೆ ಆ ಜಾಗ ಅವಳದು. ಬರೆದಿಟ್ಟ ಕಾನೂನಲ್ಲ, ಆದರೆ ಅದನ್ನು ಮೀರಿದವರಿಲ್ಲ. ವಾರಿಜಕ್ಕ ಆಸ್ಪತ್ರೆಯಲ್ಲಿದ್ದ ವರ್ಷ ಪಕ್ಕದ ಯಮುನಕ್ಕ ಅವಳ ಹಲಗೆಯ ಮೇಲೂ ಒಂದೊಂದು ಮೀನು ಕೊಯ್ದು, ಹಲಗೆ ಒಣಗದ ಹಾಗೆ ನೋಡಿಕೊಂಡು ಜಾಗ ಉಳಿಸಿದ್ದಳು. ಹೆಂಗಸರೆಲ್ಲ ಸೇರಿ ಒಂದು ವರ್ಷದ ಮಟ್ಟಿಗೆ ಒಪ್ಪಿದ್ದರು. ಎರಡನೆಯ ವರ್ಷಕ್ಕೆ ಒಪ್ಪಿಗೆ ಇಲ್ಲ. ಅಂದರೆ ಮುಂದಿನ ಮಳೆಗಾಲ ಕಳೆಯುವುದರೊಳಗೆ ವಾರಿಜಕ್ಕ ಎದ್ದು ಹೋಗಿ ಅಲ್ಲಿ ಕೂರಬೇಕು. ಇಲ್ಲವಾದರೆ ಅವಳ ತಾಯಿ ಕೂತ ಜಾಗ, ಅವಳು ಕೂತ ಜಾಗ, ಬೇರೆಯವರದು.

ಬೆಂಗ್ರೆಯ ಮನೆಯಲ್ಲಿ ಅವಳಿಗೆ ಆಸರೆಗೆ ಇದ್ದವಳು ಸೊಸೆ ಪ್ರಫುಲ್ಲ. ಪುತ್ತೂರು ಕಡೆಯ ಹುಡುಗಿ. ಮೀನು ತಿನ್ನುತ್ತಾಳೆ, ಆದರೆ ತವರಿನಲ್ಲಿ ಮೀನು ಬರುತ್ತಿದ್ದದ್ದು ಕೊಯ್ದು ತುಂಡು ಮಾಡಿ ಪ್ಲಾಸ್ಟಿಕ್ಕಿನ ಚೀಲದಲ್ಲಿ. ಅವಳು ಬಂಗುಡೆ ಕೊಯ್ದರೆ ತಲೆಯ ಜೊತೆ ಅರ್ಧ ಹೊಟ್ಟೆಯೂ ಹೋಗುತ್ತಿತ್ತು. ಬೂತಾಯಿಯ ಹುರುಪೆ ಸಾರಿನಲ್ಲಿ ತೇಲುತ್ತಿತ್ತು. ವಾರಿಜಕ್ಕ ಚಾಪೆಯಿಂದ ನೋಡುತ್ತಾ ಹಲ್ಲು ಕಚ್ಚಿ ಕೂತಳು, ಒಂದು ದಿನ, ಎರಡು ದಿನ. ಮತ್ತೆ ತಡೆಯಲಾಗಲಿಲ್ಲ.

"ಮೀನಿಗೆ ಎಂತ ದ್ವೇಷ ಮಾರಾಯ್ತಿ ನಿನಗೆ? ತಾ ಇಲ್ಲಿ ಕತ್ತಿ."

"ಅತ್ತೆ, ಡಾಕ್ಟ್ರು ಹೇಳಿದ್ದಾರಲ್ಲ."

"ನಡೀಬಾರ್ದು ಅಂತ ಹೇಳಿದ್ದು. ನಾನು ನಡೀತೇನಾ? ಕೂತಲ್ಲೇ ಇರ್ಲಿಕ್ಕೆ ಹೇಳಿದ್ರು. ಕೂತಲ್ಲೇ ಇದ್ದೇನೆ."

ಡಾಕ್ಟರು ಚಾಪೆಯ ಕೆಳಗೆ ತೂರಿದರೆ ವಾರಿಜಕ್ಕ ರಂಗೋಲಿಯ ಕೆಳಗೆ. ಆದರೆ ಅವಳಲ್ಲಿ ಕಪಟ ಇರಲಿಲ್ಲ, ಅದನ್ನು ನಾನು ಬಲ್ಲೆ, ಅವಳ ಮೈಯೊಳಗೇ ಇದ್ದವನು ನಾನು. ಅವಳ ಪಾಲಿಗೆ ಕೂರುವುದು ಎಂದರೆ ಮೆಟ್ಟುಕತ್ತಿಯ ಮುಂದೆ ಕೂರುವುದೇ. ಚಿಕ್ಕಂದಿನಿಂದ ಬೇರೆ ಥರ ಕೂತೇ ಗೊತ್ತಿಲ್ಲ.

ಮೆಟ್ಟುಕತ್ತಿಯೆಂದರೆ ಒಂದು ಹಲಗೆ, ಅದರ ತುದಿಯಲ್ಲಿ ನೆಟ್ಟಗೆ ನಿಂತ ಬಾಗಿದ ಕತ್ತಿ. ಕತ್ತಿ ಅಲ್ಲಾಡುವುದಿಲ್ಲ, ಮೀನೇ ಕತ್ತಿಯ ಬಳಿಗೆ ಹೋಗಬೇಕು. ಹಲಗೆ ಜಾರದಂತೆ ಬಲಗಾಲಿನಿಂದ ಅದನ್ನು ಮೆಟ್ಟಿ ಹಿಡಿಯಬೇಕು. ಮೀನು ದೊಡ್ಡದಾದಷ್ಟೂ ಕಾಲು ಗಟ್ಟಿಯಾಗಿ ಒತ್ತಬೇಕು, ಅದೂ ಓರೆಯಾಗಿ. ವಾರಿಜಕ್ಕ ಗಿಡ್ಡ ಮಣೆಯ ಮೇಲೆ ಕೂತು, ಬಲಪಾದವನ್ನು ಹಲಗೆಯ ಮೇಲೆ ಇಟ್ಟು, ಬಂಗುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕತ್ತಿಗೆ ಕೊಟ್ಟಳು.

ಒತ್ತಡ ನೇರ ನನ್ನ ಮೇಲೆ ಬಂತು.

ಬೊಂಡಾಸಿನ ಭಾರ ನನಗೆ ಗೊತ್ತಿತ್ತು, ಜೀವಕೋಶದ ಭಾರ ಗೊತ್ತಿತ್ತು. ಇದು ಬೇರೆ. ಇಷ್ಟು ವರ್ಷ ಮೀನು ಹೊತ್ತ, ಗಂಡನ ಹೆಣದ ಜೊತೆ ನಡೆದ, ಮಗನನ್ನು ಸೊಂಟದಲ್ಲಿ ಕೂರಿಸಿಕೊಂಡು ಫೆರಿ ಹತ್ತಿದ ಒಬ್ಬ ಹೆಂಗಸಿನ ಕಾಲಿನ ಒತ್ತಡ. ನಾನು ತಡೆದೆ. ಅವಳಿಗೆ ಖುಷಿಯಾಗಿತ್ತು, ಅದೂ ನನಗೆ ತಿಳಿಯಿತು. ಸ್ನಾಯುಗಳೆಲ್ಲ ಹಳೆಯ ಪಾಠ ನೆನಪಾದಂತೆ ಬಿಗಿದು ಸಡಿಲಾಗುತ್ತಿದ್ದವು. ಮರುದಿನವೂ ಕೂತಳು. ಆಮೇಲೆ ದಿನಾ ಕೂತಳು. ನೆರೆಮನೆಯವರೂ ಮೀನು ತಂದುಕೊಟ್ಟರು. ಮಗ ತಂದ ದೊಡ್ಡ ಅಂಜಲನ್ನು ಕೊಯ್ಯುವಾಗ ಒಂದು ಸಲ ಗಟ್ಟಿಯಾಗಿ ಮೆಟ್ಟಿದಳು ನೋಡಿ, ನನ್ನ ಕೆಳಗಿನ ಮೂಲೆ ಚಟ್ಟೆಂದು ಒಡೆಯಿತು. ಪಟ್ಟಿಯ ಎರಡು ಸ್ಕ್ರೂ ಸಡಿಲವಾದವು. ಅದರ ಜಂಭ ಅಲ್ಲಿಗೆ ಇಳಿಯಿತು.

ನೋವಿಗೆ ಅವಳ ಕಣ್ಣು ಕತ್ತಲೆಗಟ್ಟಿತು. ಕೊಯ್ಯುವುದನ್ನು ಮುಗಿಸಿಯೇ ಕತ್ತಿ ಬಿಟ್ಟಳು.

"ಎಂತಾಯ್ತು ಅತ್ತೆ?"

"ಎಂತ ಇಲ್ಲ. ಎಲುಬು ಕೂಡುವಾಗ ನೋವು ಬರ್ತದೆ."

ಪಾಪ, ಅವಳು ಅದನ್ನು ನಂಬಿದ್ದಳು.

ಆಸ್ಪತ್ರೆಗೆ ತೋರಿಸಲು ಹೋದ ದಿನ ಬಲ್ಲಾಳರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದವರು ಕೆಳಗಿಳಿಸಲೇ ಇಲ್ಲ. ವಿಲ್ಮಾ ಅವರ ಹೆಗಲ ಮೇಲಿನಿಂದ ನೋಡಿದಳು. ತುಂಡು ಒಡೆದದ್ದು ಅವಳಿಗೂ ಕಂಡಿತು.

"ನಡೆದಿದ್ದೀರಾ ವಾರಿಜಕ್ಕ?" ಎಂದರು ಬಲ್ಲಾಳರು.

"ದೇವರಾಣೆ ಇಲ್ಲ."

"ಬಿದ್ರಾ?"

"ಇಲ್ಲ."

"ಏನಾದ್ರೂ ಕೆಲಸ ಮಾಡಿದ್ರಾ?"

"ಕೂತು ಮೀನು ಕೊಯ್ದದ್ದು ಕೆಲಸವಾ ಡಾಕ್ಟ್ರೆ?"

"ಹೇಗೆ ಕೂತದ್ದು? ತೋರಿಸಿ."

ಪ್ರಫುಲ್ಲ ಹಿಡಿದುಕೊಂಡಳು. ವಾರಿಜಕ್ಕ ಮೆಲ್ಲನೆ ರೋಗಿಗಳು ಮಂಚ ಹತ್ತುವ ಗಿಡ್ಡ ಮೆಟ್ಟಿಲಿನ ಮೇಲೆ ಕೂತು, ಬಲಪಾದವನ್ನು ಮುಂದೆ ಚಾಚಿ, ಇಲ್ಲದ ಹಲಗೆಯನ್ನು ಮೆಟ್ಟಿ, ಇಲ್ಲದ ಮೀನನ್ನು ಇಲ್ಲದ ಕತ್ತಿಗೆ ಕೊಟ್ಟು ತೋರಿಸಿದಳು. ಬಲ್ಲಾಳರು ಬಂದು ಕುರ್ಚಿಯಲ್ಲಿ ಕೂತರು.

"ನನ್ನ ಅಮ್ಮ ಹೀಗೇ ಕೂತು ತೆಂಗಿನಕಾಯಿ ಹೆರೆಯುದು, ಹೀಗೇ ತರಕಾರಿ ಹೆಚ್ಚುದು," ಎಂದರು. "ಐವತ್ತು ವರ್ಷ ನೋಡಿದ್ದೇನೆ."

"ಇವರು ಮೊದಲೇ ಹೇಳಿದ್ರು ಸರ್," ಎಂದಳು ವಿಲ್ಮಾ. "ಹಲಗೆ ಯಾವುದರಲ್ಲಿ ಮೆಟ್ಟುದು ಅಂತ ಕೇಳಿದ್ರು. ನಾನು ಭುಜ ತಟ್ಟಿದೆ."

ಅವಳಿಗೆ ಅಳು ಬಂತು, ಅತ್ತಳು. ಇಷ್ಟು ವರ್ಷ ದಕ್ಕೆಯಲ್ಲಿ ಅವರ ಕಾಲ ಬುಡದಿಂದಲೇ ಎಲುಬು ಹೆಕ್ಕಿದವಳು ಅವಳು. ಆ ಕಾಲುಗಳು ಏನು ಮಾಡುತ್ತವೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಅವಳನ್ನು ಸಮಾಧಾನ ಮಾಡಿದ್ದು ವಾರಿಜಕ್ಕನೇ. "ಅಳ್ಬೇಡಿ ಮೇಡಂ. ನಿಮ್ಮ ತುಂಡಿನದ್ದು ತಪ್ಪಿಲ್ಲ. ಅದು ಎಷ್ಟು ತಡೆದಿದೆ ಅಂತ ನನಗೆ ಗೊತ್ತುಂಟು." ಆಮೇಲೆ ಬಲ್ಲಾಳರ ಕಡೆ ತಿರುಗಿದಳು. "ಕಾಲು ಹೋಯ್ತಾ ಡಾಕ್ಟ್ರೆ?"

ಅವರು ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. "ಒಂದು ಬದಿಯಲ್ಲಿ ಎಲುಬು ಸ್ವಲ್ಪ ಬಂದದ್ದು ಕಾಣ್ತದೆ. ಪ್ಲಾಸ್ಟರ್ ಹಾಕಿ ಕಾದು ನೋಡುವ. ಮಳೆ ಶುರುವಾಗುವಷ್ಟರಲ್ಲಿ ಕೂಡದಿದ್ರೆ ತೆಗೆಯುವ. ಮತ್ತೆ ಕಾಯ್ಲಿಕ್ಕೆ ಆಗುದಿಲ್ಲ."

ಬೇಸಿಗೆಯಿಡೀ ಪ್ಲಾಸ್ಟರಿನೊಳಗೆ ಕತ್ತಲೆ, ಬೆವರು, ತುರಿಕೆ. ವಾರಿಜಕ್ಕ ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಪ್ರಫುಲ್ಲಳಿಗೆ ಮೀನು ಕೊಯ್ಯಲು ಕಲಿಸಿದಳು. ಕೈಯಿಂದ ಆಗದ್ದನ್ನು ಬಾಯಿಯಿಂದ ಮಾಡಿದಳು ಅನ್ನಿ. "ಬಾಲದಿಂದ ತಲೆಗೆ ಉಜ್ಜು. ಕಿವಿಯ ಹತ್ತಿರ ಓರೆ. ಓರೆ ಅಂದ್ರೆ ನಿನ್ನ ಕುತ್ತಿಗೆ ಓರೆ ಮಾಡುದಲ್ಲ." ಪ್ರಫುಲ್ಲ ಒಂದೆರಡು ಸಲ ಬೆರಳು ಕೊಯ್ದುಕೊಂಡಳು, ಒಮ್ಮೆ ಸಿಟ್ಟಿನಲ್ಲಿ ಮೀನು ಎಸೆದು ಹೋದಳು, ಸ್ವಲ್ಪ ಹೊತ್ತಿಗೆ ಬಂದು ಅದನ್ನೇ ತೊಳೆದು ಮತ್ತೆ ಕೂತಳು. ಯಮುನಕ್ಕ ಫೆರಿ ಇಳಿದು ಬಂದಾಗಲೆಲ್ಲ ಮಾರ್ಕೆಟಿನ ಸುದ್ದಿ ಹೇಳುತ್ತಿದ್ದಳು. ಆ ಜಾಗದ ಮೇಲೆ ಇಬ್ಬರ ಕಣ್ಣು ಬಿದ್ದಿದೆ ಎಂಬುದನ್ನು ಮಾತ್ರ ಕೊನೆಗೆ, ಹೊಸ್ತಿಲು ದಾಟುವಾಗ ಹೇಳಿದಳು.

"ಬರ್ತೇನೆ ಅಂತ ಹೇಳು," ಎಂದಳು ವಾರಿಜಕ್ಕ.

ಒಳಗೆ ನಾನು ಬಳಲಿದ್ದೆ. ಒಡೆದ ಮೂಲೆ ಹುಡಿಯಾಗಿ ಹೋಯಿತು. ಉಳಿದದ್ದು ದಿನದಿನಕ್ಕೆ ತೆಳ್ಳಗಾಯಿತು. ಕೋಣೆಗಳ ನಡುವಿನ ಗೋಡೆ ಕರಗಿ ಕೋಣೆಗಳು ಒಂದಾದವು. ಸಾಕಪ್ಪಾ ಎಂದು ನನಗೆ ಎಷ್ಟೋ ಸಲ ಅನಿಸಿತು. ಬಿಟ್ಟುಬಿಡೋಣ, ಕಾಲು ಹೋದರೆ ಹೋಗಲಿ, ನಾನು ಯಾರಿಗೂ ಕೊಟ್ಟ ಮಾತೇನೂ ಇಲ್ಲವಲ್ಲ. ಆದರೆ ನನ್ನ ಒಕ್ಕಲುಗಳಿಗೆ ದಣಿವೇ ಇಲ್ಲ. ವಾರಿಜಕ್ಕ ಮೆಟ್ಟಿದ್ದ ಆ ಓರೆ ಬದಿಯಲ್ಲೇ ಅವು ಹೆಚ್ಚು ಹೆಚ್ಚು ಎಲುಬು ಪೇರಿಸಿದವು. ಅಲ್ಲೇ ಒತ್ತಡ ಬಂದಿತ್ತು, ಅಲ್ಲೇ ಬೇಕು ಎಂದು ಅವು ತಿಳಿದವು. ಮೂಲ ಯಾರದು ಹೇಳಿ.

ಮಳೆಗೆ ಮುಂಚೆ ಪ್ಲಾಸ್ಟರ್ ಒಡೆದರು. ಬಲ್ಲಾಳರು ಎಕ್ಸ್‌ರೇ ನೋಡಿದರು, ಕಾಲನ್ನು ಕೈಯಲ್ಲಿ ಒತ್ತಿ ನೋಡಿದರು, ಮತ್ತೆ ಎಕ್ಸ್‌ರೇ ನೋಡಿದರು.

"ಕೂಡಿದೆ," ಎಂದರು. "ಓರೆಯಾಗಿ ಕೂಡಿದೆ. ಕುಂಟು ಉಳೀತದೆ. ಬೇಕಾದ್ರೆ ಇನ್ನೊಂದು ಆಪರೇಶನ್ ಮಾಡಿ ನೇರ ಮಾಡುವ."

"ಕಾಲು ತೆಗೀಲಿಕ್ಕಿಲ್ಲ ಅಲ್ಲ?"

"ಇಲ್ಲ."

"ಹಾಗಾದ್ರೆ ಓರೆ ಇರ್ಲಿ ಡಾಕ್ಟ್ರೆ. ನನ್ನ ಹಲಗೆಯೂ ಓರೆಯೇ."

ಬೋಟು ಕಡಲಿಗಿಳಿದು ಮೊದಲ ಮೀನು ಬಂದ ದಿನ ಮಾರ್ಕೆಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾರಿಜಕ್ಕ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಪ್ರಫುಲ್ಲಳ ತೋಳು ಹಿಡಿದು ಬಂದಳು. ಬಾಗಿಲ ಬಲಕ್ಕೆ ಯಮುನಕ್ಕ ಒದ್ದೆ ಹಲಗೆಯನ್ನು ತಂದಿಟ್ಟು ಕಾಯುತ್ತಿದ್ದಳು. ಕಣ್ಣು ಹಾಕಿದ್ದ ಇಬ್ಬರೂ ತಮ್ಮ ತಮ್ಮ ಬುಟ್ಟಿ ಹಿಡಿದು ದೂರದಲ್ಲಿ ನಿಂತಿದ್ದರು. ವಿಲ್ಮಾ ಕೂಡ ಬಂದಿದ್ದಳು, ಚೀಲ ಹಿಡಿದು. ಎಲುಬಿಗೆ ಬಂದದ್ದು ಎಂದಳು. ಯಾರೂ ನಂಬಲಿಲ್ಲ.

ವಾರಿಜಕ್ಕ ಕೂತಳು. ಬಲಪಾದ ಹಲಗೆಯ ಮೇಲಿಟ್ಟಳು. ಓರೆ ಕೂಡಿದ ಎಲುಬು ಓರೆ ಹಲಗೆಗೆ ಸರಿಯಾಗಿ ಕೂತಿತು, ಅಳತೆ ತೆಗೆದು ಮಾಡಿಸಿದಂತೆ. ಬುಟ್ಟಿಯಿಂದ ಮೊದಲು ಕೈಗೆ ಸಿಕ್ಕಿದ್ದು ಬೊಂಡಾಸು. ಕತ್ತಿಗೆ ಕೊಟ್ಟು ಬೆನ್ನು ಸೀಳಿ, ಬಿಳೀ ಎಲುಬನ್ನು ಎಳೆದು ತೆಗೆದಳು. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ವಿಲ್ಮಾ ಚೀಲದ ಬಾಯಿ ತೆರೆದು ಹಿಡಿದಳು.

"ಇದೊಂದು ಹೋಗ್ಲಿ ಬಿಡಿ ಮೇಡಂ," ಎಂದು ವಾರಿಜಕ್ಕ ಅದನ್ನು ಹೊಳೆಯ ಕಡೆಗೆ ಎಸೆದಳು. "ಅದಾದ್ರೂ ತೇಲಲಿ."

ಹೆಂಗಸರು ನಕ್ಕರು. ದೂರ ನಿಂತಿದ್ದ ಇಬ್ಬರು ಬುಟ್ಟಿ ಎತ್ತಿಕೊಂಡು ಬೇರೆ ಜಾಗಕ್ಕೆ ಹೋದರು. ಪ್ರಫುಲ್ಲ 'ಮೀನು, ಮೀನು' ಎಂದು ಕೂಗಲು ಬಾಯಿ ತೆರೆದು, ನಾಚಿ ಮುಚ್ಚಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ನಾಚಿಕೆ ಹೋಗಿತ್ತು.

ಬುಟ್ಟಿ ಖಾಲಿಯಾದ ಮೇಲೆ ಏಳುವ ಹೊತ್ತು ಬಂತು. ಕೂರುವುದು ಸುಲಭ, ಏಳುವುದೇ ಕಷ್ಟ. ಎದ್ದೇಳುವಾಗ ಇಡೀ ಮೈ ಒಂದು ಗಳಿಗೆ ಬಲಗಾಲಿನ ಮೇಲೆ ಬೀಳಲೇಬೇಕು. ಅವಳಿಗೂ ಅದು ಗೊತ್ತಿತ್ತು, ಪ್ರಫುಲ್ಲಳ ಕೈಯನ್ನು ಬಿಗಿಯಾಗಿ ಹಿಡಿದಳು. ನಾನೂ ತಯಾರಾದೆ. ನನ್ನಲ್ಲಿ ಉಳಿದದ್ದು ಅಡಿಕೆಹೋಳಿನಷ್ಟು, ಅದರಲ್ಲೂ ಅರ್ಧ ಟೊಳ್ಳು. ಇದೇ ಕೊನೆ ಎಂದುಕೊಂಡೆ. ಹೊತ್ತು ಹೊತ್ತು ಸಾಕಾಗಿತ್ತು, ಆದರೂ ಹಳೆಯ ಅಭ್ಯಾಸ, ಬೆನ್ನು ಕೊಟ್ಟು ಕಾದೆ.

ವಾರಿಜಕ್ಕ ಎದ್ದಳು. ನಿಂತಳು. ಸೆರಗು ಸರಿಮಾಡಿಕೊಂಡಳು. "ನಡಿ, ಫೆರಿ ತಪ್ತದೆ," ಎಂದಳು.

ಭಾರ ನನ್ನ ಮೇಲೆ ಬರಲಿಲ್ಲ. ಅವಳದೇ ಎಲುಬಿನಲ್ಲಿ, ನನ್ನ ಪಕ್ಕದಿಂದ ಇಳಿದು ನೆಲಕ್ಕೆ ಹೋಯಿತು. ನಾನು ಇನ್ನೂ ಸ್ವಲ್ಪ ಹೊತ್ತು ಕಾದೆ. ಆಮೇಲೆ ಬೆನ್ನು ಸಡಿಲ ಬಿಟ್ಟೆ. ಕಡಲಿನಲ್ಲಿದ್ದಾಗ ಹೀಗೆ ಇರುತ್ತಿತ್ತು.